ಹಾಡು ಎಂದು ಬರೆದ ಚೀಟಿ

ಮೈದಾ ಅಂಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿದರೆ ಒಂದು ವಾಸನೆ ಬರುತ್ತದೆ. ಹುಳಿ, ಅದರ ಹಿಂದೆ ತಾಮ್ರದ ಕಹಿ. ವರ್ಷಗಳಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ. ಕಳೆದ ತಿಂಗಳು ಗ್ರಂಥಾಲಯದಲ್ಲಿ ಪುಸ್ತಕಪಟ್ಟಿಯ ಹಳೆಯ ಚೀಟಿಗಳ ಡಬ್ಬಿಯೊಂದನ್ನು ಎಳೆದಾಗ ಬಂತು. ಆ ಡಬ್ಬಿಯ ತಳ ಕಿತ್ತುಹೋದಾಗ ರಟ್ಟು ಅಂಟಿಸಿ ಸರಿಮಾಡಿದ್ದವನು ನಮ್ಮ ಬೈಂಡರ್.

ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಗ್ರಂಥಾಲಯ ಊರ ಹಿರಿಯರು ಸೇರಿ ಕಟ್ಟಿದ್ದು. ಮೂವತ್ತೊಂದು ವರ್ಷ ನಾನು ಅದರ ಗ್ರಂಥಪಾಲಕಿಯಾಗಿದ್ದೆ. ಈಗ ಆ ಜಾಗದಲ್ಲಿರುವ ಯುವತಿ ಹಳೆಯ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ಪ್ರತಿ ಪುಸ್ತಕದ ಮುಂದೆ ಅದರ ರೂಪವನ್ನು ನಮೂದಿಸಬೇಕು: ಕಾದಂಬರಿ, ನಾಟಕ, ಹಾಡು, ವರದಿ, ದಾಖಲೆ, ನಕ್ಷೆ. ಪುಸ್ತಕ ಯಾವುದರ ಬಗ್ಗೆ ಎನ್ನುವುದು ಬೇರೆ, ಪುಸ್ತಕ ಏನು ಎನ್ನುವುದು ಬೇರೆ. ಈ ರೂಪಗಳ ಪಟ್ಟಿ ಮಾಡಿದವಳು ನಾನೇ ಆದ್ದರಿಂದ ಅನುಮಾನ ಬಂದ ಚೀಟಿಗಳನ್ನು ನೋಡಲು ನನ್ನನ್ನು ಕರೆದಿದ್ದಳು. ಹತ್ತು ಗಂಟೆಗೆ ಎಂದಿದ್ದಳು. ಹತ್ತಕ್ಕೆ ಐದು ನಿಮಿಷವಿರುವಾಗಲೇ ಹೋಗಿ ಕುಳಿತೆ.

"ಮೇಡಂ, ಇದರ ಪುಸ್ತಕ ಎಲ್ಲೂ ಇಲ್ಲ. ಚೀಟಿ ಮಾತ್ರ ಐತೆ. ತೆಗೆದುಬಿಡ್ಲಾ?" ಎಂದು ಅವಳು ಒಂದು ಚೀಟಿ ಮುಂದಿಟ್ಟಳು.

ನನ್ನದೇ ಅಕ್ಷರ. ಕೈಬರಹದ ನೋಟುಪುಸ್ತಕ, ಒಂದು. ರೂಪ: ಹಾಡು.

ಬೈಂಡರ್ ವಾರಕ್ಕೆ ಎರಡು ದಿನ ಬರುತ್ತಿದ್ದ. ಜಗುಲಿಯ ಮೂಲೆಯಲ್ಲಿ ಕಂಬಳಿ ಹಾಸಿ, ಕುಂಟುವ ಎಡಗಾಲನ್ನು ಮುಂದಕ್ಕೆ ಚಾಚಿ ಕುಳಿತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಕುರಿ ಕಾಯುವ ಮನೆತನದವನು. ಚಿಕ್ಕಂದಿನಲ್ಲಿ ಕಾಲು ಮುರಿದು ಮಂದೆಯ ಹಿಂದೆ ನಡೆಯಲಾಗದೆ, ಹಿರಿಯೂರಿನ ಒಂದು ಅಚ್ಚುಕೂಟದಲ್ಲಿ ಪುಸ್ತಕದ ಹೊಲಿಗೆ ಕಲಿತಿದ್ದ. ಕೆಲಸ ಅಚ್ಚುಕಟ್ಟು. ಬಾಯಿ ಮಾತ್ರ ಸುಮ್ಮನಿರದು. ನಾನು ಚೀಟಿಗಳನ್ನು ಜೋಡಿಸುವುದನ್ನು ಕಿಟಕಿಯಿಂದ ನೋಡಿ, "ಮೇಡಂನೋರೆ, ನನಗೂ ಒಂದು ಚೀಟಿ ಬರೀರಿ. ಯಾವ ಡಬ್ಬಿಗೆ ಹಾಕ್ತೀರಿ?" ಎಂದು ಕೇಳುತ್ತಿದ್ದ.

"ಹರಿದದ್ದು, ರಿಪೇರಿಗೆ," ಎನ್ನುತ್ತಿದ್ದೆ.

"ಹಂಗಂದ್ರೆ ನನ್ನ ಹತ್ರಕ್ಕೇ ಬರ್ತೀನಿ ಬಿಡ್ರಿ."

ಒಂದು ದಿನ ಅವನು ಕಪ್ಪು ಕಂಬಳಿಯ ತುಂಡಿನಿಂದ ಹೊದಿಕೆ ಹಾಕಿದ ದಪ್ಪ ನೋಟುಪುಸ್ತಕವೊಂದನ್ನು ಗ್ರಂಥಾಲಯದಲ್ಲಿ ಇಡಲೆಂದು ತಂದ. ಅವನ ತಾಯಿ ಸಾಯುವ ಮೊದಲು ಹಾಸಿಗೆಯಲ್ಲಿ ಮಲಗಿ ಹೇಳಿದ್ದನ್ನು ದಿನಕ್ಕಿಷ್ಟರಂತೆ ಬರೆದುಕೊಂಡಿದ್ದನಂತೆ. ಕುರಿ ಹೊಡೆದುಕೊಂಡು ಹೋಗುವಾಗ ಅವರ ಮನೆಯವರು ಹಾಡುತ್ತಿದ್ದ ಹಾಡು. ಯಾವ ಗುಡ್ಡದ ಮಗ್ಗುಲಲ್ಲಿ ಹುಲ್ಲಿದೆ, ಎಲ್ಲಿ ನೀರು, ಎಲ್ಲಿ ಮಂದೆ ತರುಬಿ ನಿಲ್ಲಿಸಬಹುದು, ಎಲ್ಲಿ ಕೂಡದು, ಎಲ್ಲವೂ ದಾರಿಯ ಕ್ರಮದಲ್ಲೇ ಇದ್ದವು. ಒಂದು ಕಡೆ ಬೆರಳಿಟ್ಟು ಅವನೇ ಓದಿದ:

"ಎಮ್ಮೆಗುಂಡಿನ ಕೆಳಗೆ ಮಂದೆ ತರುಬಬ್ಯಾಡ, ಬಿಸಿಲಾಗೆ ಬರುತಾಳೆ ಗಂಗಮ್ಮ. ಮೊದಲು ಬಂದಾಗ ಹೊಸ್ತಿಲ ನೋಡ್ಯಾಳು, ನೋಡಿ ಹಿಂದಕೆ ಹೋದಾಳು..."

ಎಮ್ಮೆಗುಂಡು ಎಂದರೆ ಊರ ಮೂಡಲಿಗಿದ್ದ ದೊಡ್ಡ ಕರಿಬಂಡೆ. ಅದರ ಕೆಳಗಿನ ತಗ್ಗು ಆಗ ಬರೀ ಜಾಲಿ ಬೆಳೆದ ಬಯಲು. ಅಲ್ಲಿ ನೀರು ಹರಿದದ್ದನ್ನು ನಾನಾಗಲೀ ನನ್ನ ತಂದೆಯಾಗಲೀ ನೋಡಿರಲಿಲ್ಲ.

ನಾನು ಪುಟ ತಿರುವಿ, ಚೀಟಿ ತೆಗೆದು, ಹಾಡು ಎಂದು ಬರೆದೆ.

"ದಾಖಲೆ ಅಂತ ಬರೀರಿ," ಎಂದ.

"ಹಾಡಿನ ರೂಪದಲ್ಲಿದೆ. ಹಾಡು."

"ಬರೆಯಾಕೆ ಬರ್ತಿದ್ರೆ ಅವ್ರು ಹಾಡ್ತಿದ್ರಾ? ಮರೀಬಾರ್ದು ಅಂತ ಹಾಡಿದ್ದು. ಹೋಗ್ಲಿ, ಇನ್ನೊಂದು ಚೀಟಿ ಬರೆದು ಅಲ್ಲೂ ಒಂದು ಹಾಕ್ರಿ."

"ಒಂದು ಪುಸ್ತಕಕ್ಕೆ ಒಂದೇ ರೂಪ. ಇವತ್ತು ನಿನಗೆ ಎರಡು ಬರೆದರೆ ನಾಳೆ ಎಲ್ಲರಿಗೂ ಬರೆಯಬೇಕು."

ಅವನು ನಕ್ಕ. "ಒಂದು ಚೀಟಿಗೆ ಇಷ್ಟು ಬಿಗಿ ಹಿಡೀತೀರಿ, ನಮ್ಮವ್ವ ಇದ್ದಿದ್ರೆ ನಿಮ್ಮನ್ನ ಕುರಿ ಎಣಿಸಾಕೆ ಇಟ್ಕಂತಿದ್ಲು," ಎಂದು ಹೇಳಿ ಜಗುಲಿಗೆ ಹೋದ. ನಿಯಮ ಸರಿಯಾಗಿತ್ತು. ಇವತ್ತಿಗೂ ಯಾವ ತರಬೇತಿಯಲ್ಲಿ ಕೇಳಿದರೂ ಸರಿ ಎನ್ನುತ್ತಾರೆ.

ಎರಡು ವರ್ಷ ಕಳೆದಿರಬೇಕು. ಎಮ್ಮೆಗುಂಡಿನ ಕೆಳಗಿನ ತಗ್ಗಿನಲ್ಲಿ ಬಡಾವಣೆ ಮಾಡುತ್ತಾರೆಂದು ಸುದ್ದಿಯಾಯಿತು. ಒಂದು ಬೆಳಿಗ್ಗೆ ಅದರ ಅಳತೆಗೆ ಬಂದಿದ್ದ ಎಂಜಿನಿಯರ್ ಗ್ರಂಥಾಲಯಕ್ಕೆ ಬಂದರು. ಒಳ್ಳೆಯ ಮನುಷ್ಯ. ಬರಲೇಬೇಕೆಂದೇನೂ ಇರಲಿಲ್ಲ, ಆದರೂ ಬಂದರು. ಮೇಲಿನ ಕೆರೆಯ ನೀರು ಹಿಂದೆ ಯಾವಾಗಲಾದರೂ ಆ ಕಡೆ ಹರಿದಿತ್ತೇ, ಹಳೆಯ ಕಾಗದ ಏನಾದರೂ ಇದೆಯೇ ಎಂದು ಕೇಳಿದರು. ನಾನು ವರದಿ, ದಾಖಲೆ, ನಕ್ಷೆ ಈ ಮೂರು ಡಬ್ಬಿಗಳನ್ನು ಕ್ರಮವಾಗಿ ನೋಡಿ, ಎರಡು ನಕ್ಷೆ, ಒಂದು ವರದಿ ತಂದುಕೊಟ್ಟೆ. ಯಾವುದರಲ್ಲೂ ಆ ತಗ್ಗಿನಲ್ಲಿ ನೀರಿನ ಗುರುತಿರಲಿಲ್ಲ.

ಬೈಂಡರ್ ಸೂಜಿ ಕೆಳಗಿಟ್ಟು, ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದ. "ಮೇಡಂನೋರೆ, ಅದು?" ಎಂದ.

"ಏನದು?" ಎಂದರು ಎಂಜಿನಿಯರ್, ನನ್ನ ಕಡೆ ತಿರುಗಿ.

ಉತ್ತರ ಹೇಳಬೇಕಾದವಳು ನಾನು. ಚೀಟಿಯಲ್ಲಿ ಇದ್ದುದನ್ನೇ ಹೇಳಿದೆ. "ಹಾಡಿನ ಪುಸ್ತಕ ಸರ್."

ಅವರು ಮುಗುಳ್ನಕ್ಕರು. "ಹಾಡು ಬೇಡಪ್ಪ. ದಾಖಲೆ ಇದ್ದರೆ ನೋಡೋಣ."

ಬೈಂಡರ್ ಇನ್ನೇನಾದರೂ ಹೇಳುತ್ತಾನೆಂದು ಕಾದೆ. ಅವನೂ ನಾನು ಏನಾದರೂ ಹೇಳುತ್ತೇನೆಂದು ಕಾದಿರಬಹುದು... ಎಂಜಿನಿಯರ್ ನಕ್ಷೆಗಳನ್ನು ನಕಲು ಮಾಡಿಕೊಂಡು, ಸಹಿ ಮಾಡಿ ಹೋದರು.

ಅಂದಿನಿಂದ ಕಿಟಕಿಯಲ್ಲಿ ತಮಾಷೆ ನಿಂತಿತು. ಕೇಳಿದ್ದಕ್ಕಷ್ಟೇ ಉತ್ತರ. ಬಡಾವಣೆ ಎದ್ದಿತು. ಎಮ್ಮೆಗುಂಡನ್ನು ಒಡೆದು ಅದರ ಕಲ್ಲನ್ನೇ ತಳಪಾಯಕ್ಕೆ ಹಾಕಿದರು. ಬೈಂಡರನ ಮಗಳನ್ನು ಕೊಟ್ಟ ಮನೆಯವರೂ ಅಲ್ಲೊಂದು ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಇವನು ಒಳಗೆ ಕಾಲಿಡದೆ, ಬಂಡೆ ಇದ್ದ ಜಾಗದಲ್ಲಿ ನಿಂತೇ ಊಟ ತರಿಸಿಕೊಂಡನಂತೆ. "ಲೇ ಮುದುಕ, ಹಾಡು ಕಟ್ಟಿ ಹೆದರಿಸ್ತೀಯಾ?" ಎಂದು ಬೀಗರು ನಕ್ಕರಂತೆ. ಇದನ್ನು ಅವನು ಹೇಳಲಿಲ್ಲ, ಊರಲ್ಲಿ ಕೇಳಿದ್ದು.

ಆಮೇಲೊಂದು ವರ್ಷ, ನವರಾತ್ರಿ ಕಳೆದು ಒಂದು ವಾರಕ್ಕೆ, ಬಡಾವಣೆಗೆ ನೀರು ಬಂತು. ನಮ್ಮೂರಲ್ಲಿ ಅಂದು ಒಂದು ಹನಿ ಮಳೆಯಿಲ್ಲ. ಮಧ್ಯಾಹ್ನ ಎರಡು ಗಂಟೆ, ಕಣ್ಣು ಬಿಡಲಾಗದ ಬಿಸಿಲು. ಮೇಲೆಲ್ಲೋ ಸುರಿದದ್ದು ಕೆರೆ ತುಂಬಿ, ಇಲ್ಲದ ಹಳ್ಳದ ದಾರಿ ಹಿಡಿದು ಬಂದಿತ್ತು. ಸದ್ದಿಲ್ಲದೆ, ಕಸಕಡ್ಡಿ ಮುಂದೆ ದೂಡಿಕೊಂಡು ಬಂತು ಎಂದು ನೋಡಿದವರು ಹೇಳಿದರು. ಹೊಸ್ತಿಲವರೆಗೆ ಬಂದು ನಿಂತು, ಸಂಜೆಯೊಳಗೆ ಇಳಿದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಗೋಡೆಗಳ ಮೇಲೆ ಒಂದು ಗೆರೆ ಉಳಿದಿತ್ತು. ದೀಪಾವಳಿಗೆ ಸುಣ್ಣ ಬಳಿದರು, ಅದೂ ಹೋಯಿತು.

ಮರುದಿನ ಬೈಂಡರ್ ಬರುವ ದಿನವಲ್ಲ. ಆದರೂ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಂತಿದ್ದ. "ಹೊಸ್ತಿಲು ನೋಡ್ಕಂಡು ಹೋಗ್ಯಾಳೆ," ಎಂದ. "ಪುಸ್ತಕ ಕೊಡ್ರಿ. ಮುಂದಿನದು ನೋಡಬೇಕು."

"ನಿನಗೆ ಬಾಯಿಗೆ ಬರುವುದಿಲ್ಲವೇ?"

"ಇಲ್ರಿ. ನಡೆದೋರಿಗೆ ಹಾಡು ನೆಪ್ಪಿರ್ತೈತೆ. ನಾನು ಕುಂತವನು. ಅದಕ್ಕೇ ಬರೆದಿದ್ದು. ಎರಡನೇ ಸಲ ಬರಾಕೆ ಎಷ್ಟು ಬ್ಯಾಸಿಗಿ ಕಳೀಬೇಕು ಅಂತ ಐತೆ ಅದ್ರಾಗೆ. ನಮ್ಮವ್ವ ಹೇಳಿದ್ಲು, ನಾನು ಬರೆದೆ. ಅಷ್ಟೇ ಗೊತ್ತು."

ನಾನು ಒಳಗೆ ಹೋದೆ. ಕಪಾಟಿನ ಆ ಸಾಲಿನಲ್ಲಿ ಜಾಗ ಖಾಲಿ ಇತ್ತು. ಆಗ ನೆನಪಾಯಿತು. ಹಿಂದಿನ ವರ್ಷ ಜಾಗ ಸಾಲದೆ, ಯಾರೂ ಓದಲು ಒಯ್ಯದ ಹಾಡಿನ ಪುಸ್ತಕ, ಭಜನೆಯ ಪುಸ್ತಕಗಳನ್ನು ರದ್ದಿಗೆ ಹಾಕಿದ್ದೆವು. ಪಟ್ಟಿ ಮಾಡಿದ್ದು ರೂಪದ ಪ್ರಕಾರ. ದಾಖಲೆಗಳನ್ನು ಮುಟ್ಟಕೂಡದು ಎಂದು ಪಟ್ಟಿಯ ತಲೆಯ ಮೇಲೆ ನಾನೇ ಬರೆದಿದ್ದೆ. ಕೆಳಗೆ ನನ್ನ ಸಹಿ. ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಚೀಟಿಗಳನ್ನು ಆಮೇಲೆ ತೆಗೆಯಬೇಕೆಂದಿದ್ದೆ, ಇದೊಂದು ಉಳಿದುಹೋಗಿತ್ತು. ನನ್ನ ಕೆಲಸದಲ್ಲಿ ಹಾಗೆ ಉಳಿದದ್ದು ಇದೊಂದೇ ಇರಬೇಕು.

ಹೊರಗೆ ಬಂದು ಹೇಳಿದೆ. ಅವನು ಬೈಯಲಿಲ್ಲ. ಜಗುಲಿಯ ಕಂಬಳಿಯನ್ನು ಸುತ್ತಿ, ಸೂಜಿ, ಕತ್ತರಿ, ಅಂಟಿನ ಬಟ್ಟಲನ್ನು ಅದರೊಳಗಿಟ್ಟು ಹೆಗಲಿಗೇರಿಸಿದ. "ನಿಮ್ಮ ತಪ್ಪಲ್ಲ ಬಿಡ್ರಿ. ಚೀಟಿ ಹೆಂಗೆ ಹೇಳ್ತೋ ಹಂಗೆ ಮಾಡಿದ್ರಿ," ಎಂದ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ...

ನಾನು ಮೊದಲ ಬಸ್ಸಿಗೆ ಹಿರಿಯೂರಿನ ರದ್ದಿ ಅಂಗಡಿಗೆ ಹೋದೆ. ವರ್ಷದ ಹಿಂದಿನ ಮಾಲು, ಅಂಗಡಿಯವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಹಾಡು ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಬಬ್ಬೂರು ಕಡೆಯ ಬೈಂಡರನ ನೆಂಟರ ಹಟ್ಟಿಗಳಲ್ಲಿ ವಿಚಾರಿಸಿದೆ. ತುಣುಕು ತುಣುಕು ಬಲ್ಲವರಿದ್ದರು. ಅವರದು ಬೇರೆ ದಾರಿ, ಬೇರೆ ಗುಡ್ಡ. ಬೈಂಡರ್ ಮತ್ತೆ ಗ್ರಂಥಾಲಯಕ್ಕೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡ. ಹಿಂದಿನ ದಿನದವರೆಗೂ ಮಗಳಿಗೆ ಮನೆ ಬಿಡು ಎಂದು ಹೇಳುತ್ತಲೇ ಇದ್ದನಂತೆ. ಅವಳು ಬಿಟ್ಟಿಲ್ಲ. ಎಲ್ಲಿಗೆ ಹೋಗಬೇಕು?

ಇಷ್ಟನ್ನೂ ಆ ಯುವತಿಗೆ ಹೇಳಿದೆ. ಚೀಟಿ ತೆಗೆಯಬೇಡ, ರೂಪದ ಮುಂದೆ ದಾಖಲೆ ಎಂದು ಸೇರಿಸು, ಪುಸ್ತಕ ಇಲ್ಲ ಎಂದೂ ಬರೆ ಎಂದೆ. ಅವಳು ಕೀಲಿಮಣೆಯ ಮೇಲೆ ಬೆರಳಾಡಿಸುವುದನ್ನು ನಿಲ್ಲಿಸಿದ್ದಳು.

"ನಮ್ಮನೇನೂ ಅಲ್ಲೇ ಐತೆ ಮೇಡಂ. ಮೂರನೇ ಅಡ್ಡರಸ್ತೆ. ಹೋದ ವರ್ಷ ಬಾಡಿಗೆಗೆ ಬಂದ್ವಿ," ಎಂದಳು. "ಮೇಲಿನ ಕೆರೆ ಈ ಸಲ ತುಂಬೈತಂತೆ. ಕೋಡಿ ಬೀಳಾಕೆ ಒಂದು ಮೊಳ ಬಾಕಿ ಅಂತಿದ್ರು. ಎರಡನೇ ಸಲದ್ದು ಏನಂತ ಇತ್ತು ಹಾಡಿನಾಗೆ? ನೀವು ನೋಡಿದ್ರಲ್ಲ?"

ನೋಡಿದ್ದೆ. ಯಾವ ಪುಸ್ತಕ ಬಂದರೂ ಮೊದಲ ಪುಟ, ಕೊನೆಯ ಪುಟ ತೆರೆಯದೆ ನಾನು ಅದರ ರೂಪ ಬರೆದವಳಲ್ಲ. ಅದರ ಕೊನೆಯ ಪುಟವನ್ನೂ ತೆರೆದಿದ್ದೆ. ಅದು ಕಣ್ಣಿಗೆ ಕಟ್ಟಿದ ಹಾಗಿದೆ: ನೀಲಿ ಶಾಯಿ, ನಾಲ್ಕು ನಾಲ್ಕು ಗಿಡ್ಡ ಸಾಲು, ಪ್ರತಿ ಸಾಲಿಗೂ ಪ್ರಾಸ, ಕೊನೆಗೆ ಅವನು ಎಳೆದ ಎರಡು ಗೆರೆ. ಸಾಲುಗಳಲ್ಲಿ ಏನಿತ್ತೋ ತಿಳಿಯದು. ಹಾಡು ಎಂದು ಬರೆಯಲು ನಾನು ಅವನ್ನು ಓದಬೇಕಾಗಿರಲಿಲ್ಲ.