ಮುಖಗವಸಿನೊಳಗಿನ ಮಹಾಪ್ರಾಣ

ಟೀಚರಮ್ಮನ ಬಲಗಿವಿ ಎಡಗಿವಿಗಿಂತ ಒಂದು ಬೆರಳಿನಷ್ಟು ಮುಂದಕ್ಕೆ ಬಾಗಿತ್ತು. ಆ ಕಿವಿ ಹೊತ್ತ ಹೊರೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ಏಳು ಕಲ್ಲಿನ ಓಲೆ, ಕನ್ನಡಕದ ಕಡ್ಡಿ, ತಪ್ಪು ತಿದ್ದುವ ಕೆಂಪು ಪೆನ್ಸಿಲ್ಲು, ಈ ಮೂರೂ ನಲವತ್ತು ವರ್ಷಗಳಿಂದ ಅಲ್ಲಿ ಅನ್ಯೋನ್ಯವಾಗಿ ಸಂಸಾರ ಮಾಡಿಕೊಂಡಿದ್ದವು. ಕೊರೊನಾ ಬಂದ ಮೇಲೆ ಮಾಸ್ಕಿನ ಎಲಾಸ್ಟಿಕ್ಕು ನಾಲ್ಕನೆಯ ಬಾಡಿಗೆದಾರನಾಗಿ ಬಂದು ಸೇರಿತು. ಅಲ್ಲಿಂದ ಮನೆಯಲ್ಲಿ ಜಗಳ ಶುರು. ಕನ್ನಡಕ ತೆಗೆದರೆ ಮಾಸ್ಕು ಜಾರುವುದು, ಮಾಸ್ಕು ಸರಿಪಡಿಸಿದರೆ ಪೆನ್ಸಿಲ್ಲು ಬೀಳುವುದು, ಪೆನ್ಸಿಲ್ಲಿಗೆ ಬಗ್ಗಿದರೆ ಮೂರೂ ಒಟ್ಟಿಗೆ ನೆಲ ಕಾಣುವುದು. ಟೀಚರಮ್ಮ ಮಾತ್ರ ಯಾರನ್ನೂ ಮನೆಯಿಂದ ಓಡಿಸಲಿಲ್ಲ. ಎಲ್ಲವನ್ನೂ ಎತ್ತಿ ಮತ್ತೆ ಅದೇ ಕಿವಿಗೆ ಏರಿಸಿ, "ಹೂಂ, ಎಲ್ಲಿದ್ವಿ?" ಎನ್ನುತ್ತಿದ್ದರು.

ಮೈಸೂರಿನಲ್ಲಿ ಹುಟ್ಟಿ, ಮದುವೆಯಾಗಿ ಕೊಯಮತ್ತೂರಿಗೆ ಬಂದವರು ಅವರು. ತುಡಿಯಲೂರಿನ ಕಡೆ ಒಂದು ಶಾಲೆಯಲ್ಲಿ ತಮಿಳಿನಲ್ಲಿ ಗಣಿತ ಕಲಿಸಿ ನಿವೃತ್ತರಾದರು. ಅದು ಹೊಟ್ಟೆಪಾಡು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಂಗಾನಲ್ಲೂರಿನಲ್ಲಿ ನಮ್ಮ ಕನ್ನಡ ಸಂಘದ ಮಹಡಿಯ ಮೇಲೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದು ಅವರ ನಿಜವಾದ ಉದ್ಯೋಗ. ಇದಕ್ಕೆ ಸಂಬಳವೂ ಇರಲಿಲ್ಲ, ನಿವೃತ್ತಿಯೂ ಇರಲಿಲ್ಲ.

ನಮ್ಮವರ ಕನ್ನಡದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಹಿರಿಯರು ಯಾವ ಕಾಲದಲ್ಲಿ ಈ ಸೀಮೆಗೆ ಬಂದರೋ ನನಗೆ ತಿಳಿಯದು. ಬರುವಾಗ ಮಾತು ತಂದರು; ಅಕ್ಷರ ಭಾರವೆಂದು ಘಟ್ಟದ ಮೇಲೆಯೇ ಬಿಟ್ಟು ಇಳಿದರು. ಬಂದ ಊರಿನ ತಮಿಳಿನಲ್ಲಿ ಒಂದೇ ಒಂದು 'ಕ' ಇದ್ದು, ಅದು ಕ, ಖ, ಗ, ಘ ಎಂಬ ನಾಲ್ವರ ದುಡಿಮೆಯನ್ನು ದೂರಿಲ್ಲದೆ ಮಾಡುತ್ತಿತ್ತು. ಈ ಮಿತವ್ಯಯ ನಮ್ಮವರಿಗೆ ಬಹಳ ಹಿಡಿಸಿತು. ಕಾಲಕ್ರಮೇಣ ನಮ್ಮ ಬಾಯಿಂದ ಮಹಾಪ್ರಾಣಗಳು ಒಂದೊಂದಾಗಿ ಉದುರಿದವು. ನಮ್ಮ ಮನೆಗಳಲ್ಲಿ ಧರ್ಮ 'ದರ್ಮ'ವಾಯಿತು, ಫಲ 'ಪಲ'ವಾಯಿತು, ಮುಖವೇ 'ಮುಕ'ವಾಯಿತು. ಯಾರಿಗೂ ಏನೂ ಕಳೆದುಕೊಂಡಂತೆ ಅನ್ನಿಸಲಿಲ್ಲ.

ನಾನು ಟೀಚರಮ್ಮನ ಮೊದಲ ತಂಡದ ವಿದ್ಯಾರ್ಥಿ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅವರ ಮುಂದೆ ಚಾಪೆಯ ಮೇಲೆ ಕೂತು ಅ, ಆ ತಿದ್ದಿದವನು. ಕನ್ನಡ ನನ್ನ ಕೈಗೆ ಚೆನ್ನಾಗಿಯೇ ಹತ್ತಿತು, ಬಾಯಿಗೆ ಹತ್ತಲಿಲ್ಲ. ಬರೆಯುವಾಗ ಧಕಾರದ ಹೊಟ್ಟೆಯನ್ನು ತಪ್ಪದೆ ಸೀಳುತ್ತಿದ್ದೆ. ಓದುವಾಗ ಅದನ್ನು ಹೊಲಿದುಬಿಡುತ್ತಿದ್ದೆ. ಪಂಪ್‌ಸೆಟ್ ಕಂಪನಿಯೊಂದರಲ್ಲಿ ಎಂಜಿನಿಯರಾಗಿ ದುಡಿದು, ನಿವೃತ್ತನಾಗಿ, ಟೀಚರಮ್ಮನಿಗೆ ಸೀಮೆಸುಣ್ಣ ತಂದುಕೊಡುವ, ಕಿಟಕಿ ತೆರೆಯುವ ಹುದ್ದೆಗೆ ಬಡ್ತಿ ಪಡೆದ ಮೇಲೂ ಅವರು ನನ್ನನ್ನು ಬಿಟ್ಟಿರಲಿಲ್ಲ.

"ಉಸಿರಪ್ಪಾ, ಉಸಿರು! ಪಂಪಿನೊಳಗೆ ಗಾಳಿ ಹೊಕ್ಕರೆ ನೀರು ಬರಲ್ಲ ಅಂತೀಯಲ್ಲ, ಇಲ್ಲಿ ಉಲ್ಟಾ. ಗಾಳಿ ಬರದಿದ್ರೆ ಅಕ್ಷರವೇ ಬರಲ್ಲ."

"ಆಗಲಿ ಟೀಚರಮ್ಮ," ಎಂದು ನಾನು ಮತ್ತೆ 'ದರ್ಮ' ಎನ್ನುತ್ತಿದ್ದೆ.

ಲಾಕ್‌ಡೌನ್ ಸಡಿಲವಾಗಿ ಸಂಘದ ಮಹಡಿ ಮತ್ತೆ ತೆರೆದಾಗ, ಎಲ್ಲರೂ ಮಾಸ್ಕು ಹಾಕಿರಬೇಕು, ದೂರ ದೂರ ಕೂರಬೇಕು ಎಂಬ ಷರತ್ತು ಬಂತು. ನಮ್ಮ ವಿದ್ಯಾರ್ಥಿನಿಯೊಬ್ಬಳ ಅಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರು. ಎಳೆಮಕ್ಕಳ ಉಡುಪು ಕತ್ತರಿಸಿ ಉಳಿದ ತುಂಡುಗಳಲ್ಲಿ ಒಂದು ಚೀಲದಷ್ಟು ಮಾಸ್ಕು ಹೊಲಿಸಿ ಉಚಿತವಾಗಿ ತಂದುಕೊಟ್ಟರು. ಬಟ್ಟೆ ಬಹಳ ಮೆತ್ತಗಿತ್ತು. ಆದರೆ ಬನಿಯನ್ ಬಟ್ಟೆಯ ಸ್ವಭಾವವೇ ಹಾಗೆ: ಎರಡು ಒಗೆತಕ್ಕೆ ಹಿಗ್ಗಿ ಮುಖದ ಮೇಲೆ ತೊಟ್ಟಿಲಿನಂತೆ ಜೋತಾಡುತ್ತಿತ್ತು. ನನ್ನ ಪಾಲಿಗೆ ಬಂದದ್ದರ ಮೇಲೆ ಅರ್ಧ ಕರಡಿಯ ಚಿತ್ರ. ಉಳಿದರ್ಧ ಸಂಘದ ಕಾರ್ಯದರ್ಶಿಗಳ ಮುಖದ ಮೇಲಿತ್ತು. ನಾವಿಬ್ಬರೂ ಪಕ್ಕಪಕ್ಕದಲ್ಲಿ ನಿಂತರೆ ಕರಡಿ ಪೂರ್ತಿಯಾಗುತ್ತಿದ್ದುದರಿಂದ, ಅಂತರ ಕಾಯ್ದುಕೊಳ್ಳುವ ಸರ್ಕಾರಿ ಆದೇಶವನ್ನು ನಮ್ಮಷ್ಟು ಶ್ರದ್ಧೆಯಿಂದ ಯಾರೂ ಪಾಲಿಸಲಿಲ್ಲ.

ಮಾಸ್ಕು ಯಾರಿಗೂ ಹಿತವಾಗಿರಲಿಲ್ಲ. ಮಹಡಿಗೆ ತಗಡಿನ ಸೂರು. ಬೆವರು ಮೂಗಿನಿಂದಿಳಿದು ಒಳಗೇ ಕೆರೆಯಾಗುತ್ತಿತ್ತು. ಕಿವಿಯ ಹಿಂದೆ ಉರಿ, ಗಲ್ಲದಲ್ಲಿ ತುರಿಕೆ, ಕನ್ನಡಕದ ಮೇಲೆ ಊಟಿಯ ಮಂಜು. ಮಕ್ಕಳಲ್ಲಿ ಒಬ್ಬ ಮಾಸ್ಕನ್ನು ಹಣೆಗೇರಿಸಿದರೆ, ಇನ್ನೊಬ್ಬ ಅದರ ತುದಿಯನ್ನು ಕಬ್ಬಿನಂತೆ ಜಗಿಯುತ್ತಿದ್ದ. ನಾನು ಗಲ್ಲಕ್ಕಿಳಿಸಿ ಕೂರುತ್ತಿದ್ದೆ.

"ಟೀಚರಮ್ಮಾ, ಮೂಚ್ಚು ಮುಟ್ಟುತ್ತೆ!" ಎಂದು ಕಟಿಂಗ್ ಮಾಸ್ಟರ ಮಗಳು ಗೋಳಿಟ್ಟಳು. ಒಂಬತ್ತು ವರ್ಷದ ಹುಡುಗಿ, ಬಾಯಿ ತೊಂಬತ್ತರದು. ಉಸಿರುಗಟ್ಟುತ್ತದೆ ಎನ್ನಲು ತಮಿಳಿನಲ್ಲಿ ಹಾಗೆ ಹೇಳುತ್ತಾರೆ. ನಮ್ಮ ಮಕ್ಕಳು ಅದಕ್ಕೊಂದು ಕನ್ನಡದ ಬಾಲ ಅಂಟಿಸುತ್ತಾರೆ.

"ಮೂಚ್ಚಲ್ಲ, ಉಸಿರು. ಮುಟ್ಟೋದಲ್ಲ, ಕಟ್ಟೋದು. ಮೊದಲು 'ಉಸಿರು ಕಟ್ಟುತ್ತೆ' ಅಂತ ಸರಿಯಾಗಿ ಹೇಳು, ಆಮೇಲೆ ಬೇಕಾದ್ರೆ ಕಟ್ಟಿಸ್ಕೋ," ಎಂದರು ಟೀಚರಮ್ಮ.

ಹಾಗೆಂದು ಅವರು ಕರುಣೆಯಿಲ್ಲದವರಲ್ಲ. ಹುಡುಗಿಯರ ಎಲಾಸ್ಟಿಕ್ಕನ್ನು ಕಿವಿಯಿಂದ ಬಿಡಿಸಿ ಜಡೆಯ ಹಿಂದೆ ಪಿನ್ನಿಗೆ ಸಿಕ್ಕಿಸಿದರು. ಹುಡುಗರ ಕಿವಿಯ ಹಿಂದೆ ಕೊಬ್ಬರಿ ಎಣ್ಣೆ ಸವರಿದರು. ನನ್ನ ಕನ್ನಡಕಕ್ಕೆ ಸೋಪು ಉಜ್ಜಿ ಒರೆಸಿಕೊಟ್ಟರು, ಮಂಜು ನಿಂತಿತು. ಬಾಯಿಯ ವಾಸನೆ ತಿರುಗಿ ಮೂಗಿಗೇ ಬಡಿಯುತ್ತದೆಂದು ನಾನು ದೂರಿದಾಗ ಮಾತ್ರ ಒಂದು ಏಲಕ್ಕಿ ಕೈಗಿಟ್ಟು ಹೇಳಿದರು: "ನಿನ್ನ ಉಸಿರನ್ನ ಒಂದು ಗಂಟೆ ನಿನಗೇ ಸಹಿಸಕ್ಕಾಗಲ್ವಲ್ಲಪ್ಪಾ, ಇಷ್ಟು ವರ್ಷ ನಿನ್ನ ಹೆಂಡತಿ ಹೇಗೆ ಸಹಿಸ್ಕೊಂಡ್ಳು?"

ಈ ಪ್ರಶ್ನೆಯನ್ನು ನಾನು ಮನೆಯಲ್ಲಿ ಚರ್ಚೆಗೆ ತರಲಿಲ್ಲ.

ಆದರೆ ಎಣ್ಣೆಗೂ ಪಿನ್ನಿಗೂ ಬಗ್ಗದ ಗಂಡಾಂತರವೊಂದು ಮೆಟ್ಟಿಲು ಹತ್ತಿ ಬಂತು. ಕಾರ್ಯದರ್ಶಿಗಳು ಬಾಗಿಲಲ್ಲೇ ನಿಂತರು.

"ಕೋಪ ಮಾಡ್ಕೋಬೇಡಿ ಟೀಚರಮ್ಮ. ಮಕ್ಕಳು ಮಾಸ್ಕ್ ಮುಖದ ಮೇಲೆ ಇಟ್ಕೊಳ್ಳೋದಿಲ್ಲ. ಯಾರಾದ್ರೂ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕಿದ್ರೆ ಮಹಡಿಗೇ ಬೀಗ. ತಾಯಂದಿರೂ ಬೇಡ ಅಂತಿದ್ದಾರೆ. ಎಲ್ಲಾ ಸರಿಯಾಗೋ ತನಕ ನಿಲ್ಲಿಸಿಬಿಡೋಣ."

"ನಿಲ್ಲಿಸಿದ್ರೆ ನಿಂತೇ ಹೋಗುತ್ತೆ," ಎಂದರು ಟೀಚರಮ್ಮ. ಆ ದನಿಯಲ್ಲಿ ತಮಾಷೆ ಇರಲಿಲ್ಲ. "ಈ ಭಾನುವಾರ ರಜೆ ಅಂದ್ರೆ ಮುಂದಿನ ಭಾನುವಾರಕ್ಕೆ ಟ್ಯೂಷನ್ ಬಂದು ಕೂತ್ಕೊಳ್ಳುತ್ತೆ. ಅದರ ಮುಂದಿನದ್ದಕ್ಕೆ ಕರಾಟೆ. ಈ ಊರಲ್ಲಿ ಕನ್ನಡ ಇಲ್ದಿದ್ರೆ ಯಾವ ಮಗುವಿಗೂ ಏನೂ ನಷ್ಟ ಇಲ್ಲ. ಅಭ್ಯಾಸ ಒಂದೇ ಇವರನ್ನ ಇಲ್ಲಿಗೆ ಕರ್ಕೊಂಡು ಬರ್ತಿರೋದು. ಅದು ತಪ್ಪಿದ್ರೆ ನಾನು ಯಾರ ಮನೆ ಬಾಗಿಲಿಗೆ ಹೋಗಿ ಕರೀಲಿ?"

ಕೊನೆಗೆ ಒಂದು ರಾಜಿಯಾಯಿತು. ಮುಂದಿನ ಭಾನುವಾರ ಒಂದು ಅವಕಾಶ. ಅದರ ಮರುವಾರ ಅವರೇ ಬಂದು ನೋಡುವುದು. ಒಬ್ಬ ಮಾಸ್ಕು ಎಳೆದರೂ ತರಗತಿ ಬಂದ್.

ಆ ಭಾನುವಾರ ಟೀಚರಮ್ಮ ಹಣ್ಣುಗಳ ಪಾಠ ತೆಗೆದರು. ಕಟಿಂಗ್ ಮಾಸ್ಟರ ಮಗಳು ಎದ್ದು 'ಪಲ' ಎಂದು ಓದಿದಳು.

"ಫಲ."

"ಪಲ."

"ಫ, ಫ! ಉಸಿರು ಬಿಡು!"

ಬೆವರು, ತುರಿಕೆ, ಫಕಾರ, ಮೂರೂ ಸೇರಿ ಹುಡುಗಿಗೆ ರೇಗಿತು. ಇದ್ದಬದ್ದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ "ಫ!" ಎಂದಳು. ಮುಖದ ಮೇಲೆ ಜೋತಾಡುತ್ತಿದ್ದ ಬನಿಯನ್ ಬಟ್ಟೆ ಟಪ್ಪನೆ ಉಬ್ಬಿ ಮುಂದಕ್ಕೆ ಹಾರಿ, ಮತ್ತೆ ಮೂಗಿಗೆ ಅಂಟಿತು.

ಟೀಚರಮ್ಮ ಕನ್ನಡಕ ತೆಗೆದರು, ವಾಡಿಕೆಯಂತೆ ಉಳಿದವೆಲ್ಲ ಬಿದ್ದವು, ಎತ್ತಿಕೊಳ್ಳಲಿಲ್ಲ. "ಈಗ 'ಪ' ಅನ್ನು," ಎಂದರು.

"ಪ." ಮಾಸ್ಕು ಅಲ್ಲಾಡಲಿಲ್ಲ.

"ಫ."

ಹಾರಿತು.

ನಲವತ್ತು ವರ್ಷ ಅವರು ಕಿವಿಯಿಂದ ಹುಡುಕುತ್ತಿದ್ದದ್ದು ಆ ಕ್ಷಣ ಕಣ್ಣಿಗೇ ಕಾಣಿಸಿತು. ಮಗುವಿನ ಉಸಿರು ಅಲ್ಲಿ ಹಸಿರು ಬಟ್ಟೆಯಲ್ಲಿ ಎದ್ದು ನಿಂತಿತ್ತು. ಟೀಚರಮ್ಮ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ಸ್ಥಳದಲ್ಲೇ ಕಾನೂನು ಜಾರಿಯಾಯಿತು: ಮಹಾಪ್ರಾಣಕ್ಕೆ ಮಾಸ್ಕು ಹಾರಿದರೆ ಪಾಸು, ಅಲ್ಪಪ್ರಾಣಕ್ಕೆ ಹಾರಿದರೆ ಫೇಲು, ಕೈಯಿಂದ ಮುಟ್ಟಿದವರು ಆಟದಿಂದ ಹೊರಗೆ. ಹನ್ನೆರಡು ಮಕ್ಕಳ ಇಪ್ಪತ್ತನಾಲ್ಕು ಕೈಗಳೂ ತಾವಾಗಿ ಬೆನ್ನ ಹಿಂದೆ ಹೋದವು. ಮಾಸ್ಕು ಚೆನ್ನಾಗಿ ಹಾರಬೇಕಾದರೆ ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಿರಬೇಕೆಂಬ ಶೋಧವನ್ನು ಅವರೇ ಮಾಡಿಕೊಂಡರು. ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಿಂದ ಆಗದಿದ್ದ ಕೆಲಸ ಫಕಾರದಿಂದ ಆಯಿತು.

ನನ್ನ ಸರದಿ ಬಂತು. ನಾನು ಗಂಭೀರವಾಗಿ 'ಧ' ಎಂದೆ.

"ಕರಡಿ ತೂಕಡಿಸ್ತಿದೆ ಸಾರ್," ಎಂದಳು ಕಟಿಂಗ್ ಮಾಸ್ಟರ ಮಗಳು.

ಮತ್ತೆ ಹೇಳಿದೆ. ಕರಡಿ ಸತ್ತೇಹೋಗಿದೆಯೆಂದು ತೀರ್ಪಾಯಿತು.

ಆ ವಾರವಿಡೀ ಅಭ್ಯಾಸ ಮಾಡಿದೆ. ಬುಧವಾರ ಟೀಚರಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಸಿಂಗಾನಲ್ಲೂರಿನಲ್ಲಿ ಟೌನ್ ಬಸ್ ಹತ್ತಿದವನು ಕೂತಲ್ಲೇ "ಖ, ಖ, ಫ, ಫ" ಶುರುಮಾಡಿದೆ. ಮುಂದಿನ ಸೀಟಿನವರು ಎದ್ದು ಹೋದರು. ಪಕ್ಕದವರೂ ಹೋದರು. ನಮ್ಮ ಸುತ್ತ ಮೂರು ಸೀಟು ಖಾಲಿಯಾದವು. ಕಂಡಕ್ಟರು ದೂರದಿಂದಲೇ ಕೇಳಿದ: "ಏನುಂಗ ಸಾರ್, ಇರುಮಲುಂಗಳಾ?" ಕೆಮ್ಮೇ ಎಂದು.

"ಇಲ್ಲೀಂಗ, ಮಹಾಪ್ರಾಣಂ," ಎಂದೆ.

"ಪ್ರಾಣನಾ?" ಅವನ ಕಣ್ಣು ದೊಡ್ಡದಾಯಿತು. ಸೀಟಿ ಬಾಯಿಗಿಟ್ಟು ಬಸ್ಸು ನಿಲ್ಲಿಸುವ ಸನ್ನಾಹ ಮಾಡಿದ.

ಟೀಚರಮ್ಮ ತಮಿಳಿನಲ್ಲಿ ಸಮಾಧಾನ ಹೇಳಿದರು: "ಭಯಪಡಬೇಡ ಕಂದಾ, ಇವನು ಪಾಠ ಓದ್ತಿದ್ದಾನೆ. ಅಕ್ಷರ ಇನ್ನೂ ಬರ್ತಿಲ್ಲ."

ಕಂಡಕ್ಟರು ನನ್ನ ನರೆತ ತಲೆಯನ್ನೊಮ್ಮೆ, ಮುಖದ ಅರ್ಧ ಕರಡಿಯನ್ನೊಮ್ಮೆ ನೋಡಿ, ಟಿಕೆಟ್ಟನ್ನು ಸೀಟಿನ ತುದಿಯಲ್ಲಿಟ್ಟು ಹೋದ. "ನೋಡಿದ್ಯಾ? ಅವನಿಗೆ ಕೆಮ್ಮಿನ ಹಾಗೆ ಕೇಳಿಸ್ತು ಅಂದ್ರೆ ಉಸಿರು ಬರ್ತಿದೆ ಅಂತ ಅರ್ಥ. ಇನ್ನೊಂಚೂರು," ಎಂದರು ಟೀಚರಮ್ಮ, ಬಹಳ ಸಂತೋಷದಿಂದ. ಆಸ್ಪತ್ರೆಯವರೆಗೂ ಕಾಲು ಚಾಚಿಕೊಂಡು ಪ್ರಯಾಣ ಮಾಡಿದೆವು.

ಪರೀಕ್ಷೆಯ ಭಾನುವಾರ ಕಾರ್ಯದರ್ಶಿಗಳು ಒಂಬತ್ತಕ್ಕೇ ಬಂದು ಬಾಗಿಲಲ್ಲಿ ನಿಂತರು. ಮಕ್ಕಳು ಸಾಲಾಗಿ ಎದ್ದು ಹೇಳುತ್ತಿದ್ದರು: ಖ, ಘ, ಛ, ಠ. ಹನ್ನೆರಡು ಮಾಸ್ಕುಗಳು ಹಡಗಿನ ಹಾಯಿಗಳಂತೆ ಉಬ್ಬಿ ಇಳಿಯುತ್ತಿದ್ದವು. ಒಂದು ಕೈಯೂ ಮುಖದ ಕಡೆ ಹೋಗಲಿಲ್ಲ. ಒಂದು ಗಂಟೆ ಕಳೆದರೂ ಯಾರೂ ಮೂಚ್ಚಿನ ಸುದ್ದಿ ಎತ್ತಲಿಲ್ಲ. ಟೀಚರಮ್ಮ ಬಾಗಿಲ ಕಡೆ ತಿರುಗಿಯೂ ನೋಡಿರಲಿಲ್ಲ; ಆದರೆ ಕೈಯಲ್ಲಿದ್ದ ಸೀಮೆಸುಣ್ಣ ಅವರಿಗರಿವಿಲ್ಲದೆ ಪುಡಿಯಾಗಿ ಸೀರೆಯ ನೆರಿಗೆಯೆಲ್ಲ ಬೆಳ್ಳಗಾಗಿದ್ದನ್ನು ನಾನು ಕಂಡೆ.

"ಇದೇನು ಟೀಚರಮ್ಮ ಇದು?" ಎಂದರು ಕಾರ್ಯದರ್ಶಿಗಳು.

"ಒಳಗೆ ಬನ್ನಿ. 'ಅಧ್ಯಕ್ಷರೇ' ಅನ್ನಿ."

ವರ್ಷಕ್ಕೆ ನಾಲ್ಕು ಸಭೆಯಂತೆ ಜೀವಮಾನವಿಡೀ ಆ ಪದದಿಂದಲೇ ಭಾಷಣ ಆರಂಭಿಸಿದ್ದ ಮನುಷ್ಯ ಎದೆಯುಬ್ಬಿಸಿ "ಅದ್ಯಕ್ಷರೇ!" ಎಂದರು. ಮಾಸ್ಕು ಮಿಸುಕಲಿಲ್ಲ.

"ಫೇಲು!" ಎಂದು ಹನ್ನೆರಡು ಕಂಠ ಒಟ್ಟಿಗೆ ಕೂಗಿತು.

ಅವರು ನನ್ನನ್ನು ನೋಡಿದರು. ನಾನು ಸಹಾನುಭೂತಿಯಿಂದ ಚಾಪೆಯಲ್ಲಿ ಜಾಗ ತೋರಿಸಿದೆ. ಅವರು ಕೂತರು. ಅಂತರದ ಆದೇಶ ಮೊದಲ ಬಾರಿಗೆ ಮುರಿದು ಕರಡಿ ಒಂದಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹನ್ನೊಂದಕ್ಕೆ ಎದ್ದಾಗ ಕಾರ್ಯದರ್ಶಿಗಳು ಹೇಳಿದ್ದು ಒಂದೇ ಮಾತು: "ನಡೀಲಿ ಟೀಚರಮ್ಮ. ಬರೋ ವಾರ ನಾನೂ ಬರ್ತೀನಿ." ಟೀಚರಮ್ಮ ಹಲಗೆಯ ಕಡೆ ತಿರುಗಿ, ಅಳಿಸಲು ಏನೂ ಇಲ್ಲದಿದ್ದರೂ ಬಹಳ ಹೊತ್ತು ಒರೆಸುತ್ತಿದ್ದರು.

ಮಾಸ್ಕಿನ ಕಾಲ ಮುಗಿಯಿತು. ತರಗತಿ ಮುಗಿಯಲಿಲ್ಲ. ಮಕ್ಕಳು ಹನ್ನೆರಡು ಇದ್ದವರು ಇಪ್ಪತ್ತಾದರು. ಟೀಚರಮ್ಮ ಮಾತ್ರ ಕೆಲವು ವಾರ ಕೊರಗಿದರು: "ಎಲ್ಲರ ಮುಖ ಕಾಣುತ್ತೆ ಸರಿ, ಉಸಿರೇ ಕಾಣಲ್ವಲ್ಲ!"

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ, ಊಟ ಮಾಡಿ ಒರಗಿಕೊಂಡವರು ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಎಲ್ಲರೂ ಅಂದರು. ಮುಂಚೆ ತಿಳಿಸದೆ ಅವರು ತಪ್ಪಿಸಿದ ಭಾನುವಾರ ನನಗೆ ನೆನಪಿದ್ದಂತೆ ಅದೊಂದೇ.

ವಾರದೊಳಗೆ ಅದೇ ಮಹಡಿಯಲ್ಲಿ ಶೋಕಸಭೆ ಸೇರಿತು. ಕಾರ್ಯದರ್ಶಿಗಳು ಎದ್ದು ನಿಂತರು. "ನಮ್ಮ ಟೀಚರಮ್ಮನಿಗೆ ಶ್ರದ್ದಾಂಜಲಿ..." ಎಂದು ನಿಲ್ಲಿಸಿದರು.

"ಸಾರ್," ಎಂದಳು ಮುಂದಿನ ಸಾಲಿನಲ್ಲಿದ್ದ ಕಟಿಂಗ್ ಮಾಸ್ಟರ ಮಗಳು. ಈಗ ಎರಡು ಜಡೆಯ ದೊಡ್ಡ ಹುಡುಗಿ; ಅತ್ತು ಕಣ್ಣು ಕೆಂಪಾಗಿತ್ತು. "ದ ಅಲ್ಲ ಸಾರ್, ಧ."

ಅವಳ ಅಮ್ಮ ಅವಳ ತೊಡೆ ಚಿವುಟಿದರು. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು, ಎದೆತುಂಬ ಗಾಳಿ ಎಳೆದುಕೊಂಡು, "ಶ್ರದ್ಧಾಂಜಲಿ!" ಎಂದರು. ಮೈಕು ಗುಡುಗಿತು. ಶೋಕಸಭೆಯಲ್ಲಿ ನಗುವುದಕ್ಕೆ ಸಂಘದ ನಿಯಮಾವಳಿಯಲ್ಲಿ ಅವಕಾಶವಿಲ್ಲ. ಆದರೂ ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಕಾರ್ಯದರ್ಶಿಗಳೂ ಅಳುತ್ತಲೇ ನಕ್ಕರು.

ಎಲ್ಲ ಮುಗಿದು ನಾನು ಕಿಟಕಿ ಹಾಕುತ್ತಿದ್ದಾಗ ಆ ಹುಡುಗಿ ಬಂದು ಕೇಳಿದಳು: "ಸಾರ್, ಈ ಭಾನುವಾರ ಕ್ಲಾಸ್ ಇದೆಯಾ?"

"ಖಂಡಿತ," ಎಂದೆ. ಉಸಿರು ತಾನಾಗಿಯೇ ಬಂತು.