ಒಂದೇ ಮಂಚದ ಇಬ್ಬರು

ಮಿನಿಂಗ್ ಒಂದು ಕಡೆ ನಿಲ್ಲುವ ಹುಡುಗಿಯೇ ಅಲ್ಲ. ಪನಾಯ್ ದ್ವೀಪದ ನಮ್ಮ ಸರ್ಕಾರಿ ಆಸ್ಪತ್ರೆಗೆ ತರಬೇತಿಗೆ ಬಂದ ನರ್ಸಿಂಗ್ ಹುಡುಗಿಯರಲ್ಲಿ ಇವಳ ಬೂಟಿನ ಸದ್ದೇ ಬೇರೆ. ನಾನು ಹೆಂಗಸರ ವಾರ್ಡಿನ ನೆಲ ಒರೆಸುತ್ತಿದ್ದೆ. ಒರೆಸಿದಲ್ಲೇ ತುಳಿದುಕೊಂಡು ಓಡುತ್ತಿದ್ದಳು.

"ಏನೇ, ಕಾಲಿಗೆ ಇರುವೆ ಹತ್ತಿದೆಯಾ?"

"ಕೆಂಪಿರುವೆ ಮಾನಾಂಗ್! ನೆಲ ಒಣಗೋವರೆಗೂ ರೋಗ ಕಾಯತ್ತಾ?"

ನನ್ನನ್ನು ಎಲ್ಲ ಹುಡುಗಿಯರೂ ಮಾನಾಂಗ್, ಅಕ್ಕ ಎಂದೇ ಕರೆಯುತ್ತಿದ್ದರು. ಮಿನಿಂಗಳ ಅಮ್ಮ ಮಾರುಕಟ್ಟೆಯಲ್ಲಿ ಮೀನು ಹೆಚ್ಚುವವಳು. ಮಗಳಿನ್ನೂ ಸೂಜಿ ಹಿಡಿಯಲು ಕಲಿಯುತ್ತಿದ್ದಾಗಲೇ ಅವರ ಬೀದಿಯವರೆಲ್ಲ, "ಕೆಲಸಕ್ಕೆ ಸೌದಿನಾ, ಲಂಡನ್ನಾ?" ಎಂದು ಕೇಳಿ ಕೇಳಿ ಅವಳ ತಲೆ ತಿನ್ನುತ್ತಿದ್ದರು. ಅವಳ ಚಡಪಡಿಕೆಗೆ ಅದೂ ಒಂದು ಕಾರಣ.

ನಮ್ಮ ವಾರ್ಡಿನಲ್ಲಿ ಮಂಚ ಒಂದಾದರೆ ರೋಗಿ ಇಬ್ಬರು. ಒಬ್ಬಳ ತಲೆ ಇತ್ತ, ಇನ್ನೊಬ್ಬಳ ತಲೆ ಅತ್ತ. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳ ಕಾಲಿಗೆ ಬೀಳುತ್ತಿತ್ತು. ಹೊಸ ಮಂಚ ಕೇಳಿ ನಾವು ಗೇಟಿನೆದುರು ಕೂತು ಕೂಗಿ ಗಂಟಲು ಹರಿದುಕೊಂಡದ್ದಷ್ಟೇ ಬಂತು.

ಕಿಟಕಿ ಪಕ್ಕದ ಮಂಚದಲ್ಲಿ ಪೊತೆನ್ಸಿಯಾ, ತಾಕ್ಯಾ ಎಂಬ ಮುದುಕಿಯರು. ಪೊತೆನ್ಸಿಯಾಗೆ ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ತಾಕ್ಯಾಗೆ ಎದೆಯ ಕಫ, ಜ್ವರ. ಬೆವರಿಗೆ ತುರಿಸುತ್ತದೆಂದು ಇಬ್ಬರೂ ಹೆಸರಿನ ಕೈಪಟ್ಟಿ ಬಿಚ್ಚಿ ತಮ್ಮ ತಮ್ಮ ತಲೆಯ ಬಳಿಯ ಕಂಬಿಗೆ ಕಟ್ಟಿದ್ದರು. ವಾರ್ಡಿನಲ್ಲಿ ಅರ್ಧ ಜನ ಹಾಗೆಯೇ ಮಾಡುತ್ತಿದ್ದರು. ಆವತ್ತು ಬೆಳಿಗ್ಗೆ ಜ್ವರದ ತಾಕ್ಯಾಗೆ ಫ್ಯಾನಿನ ಗಾಳಿ ಚಳಿಯೆನಿಸಿ ಇಬ್ಬರೂ ಕಡೆ ಬದಲಿಸಿಕೊಂಡರು. ಕೈಪಟ್ಟಿಗಳು ಮಾತ್ರ ಇದ್ದಲ್ಲೇ ಉಳಿದವು.

ಮಧ್ಯಾಹ್ನದ ಗಂಜಿ ಬಂತು. ಊಟಕ್ಕೆ ಮೊದಲು ಪೊತೆನ್ಸಿಯಾಗೆ ಇನ್ಸುಲಿನ್ ಕೊಡಬೇಕು. ಕಲಿಸುವ ಸಲ್ವಾಸಿಯೋನ್ ಮೇಡಂ ಮಿನಿಂಗ್ ತುಂಬಿದ ಸಿರಿಂಜಿನ ಅಳತೆ ನೋಡಿ ಸರಿಯೆಂದರು. ಅಷ್ಟರಲ್ಲಿ ಯಾರೋ ವಾಂತಿ ಮಾಡಿಕೊಂಡರು, ಮೇಡಂ ಅತ್ತ ಓಡಿದರು. ತಾವು ಬರುವವರೆಗೆ ನಿಲ್ಲು ಎಂದಿದ್ದರು. ನಿಲ್ಲುವುದು ಮಿನಿಂಗಳಿಗೆ ಗೊತ್ತಿದ್ದರೆ ತಾನೇ? ಕಂಬಿಯ ಮೇಲಿನ ಹೆಸರು ಓದಿದಳು.

"ನಾನಾಯ್, ಅಮ್ಮಾ, ನೀವು ಪೊತೆನ್ಸಿಯಾ ಅಲ್ವಾ?"

"ಹೌದು ಮೇಡಂ," ಎಂದಳು ತಾಕ್ಯಾ.

ನಮ್ಮ ಹಳೇ ಹೆಂಗಸರೇ ಹಾಗೆ. ಬಿಳಿ ಬಟ್ಟೆಯವರಿಗೆ ಅಲ್ಲ ಅನ್ನುವುದೆಂದರೆ ಬಾಯಿಗೆ ಹೊಡೆದಂತೆ. ನೀನು ಪೋಪ್ ಅಲ್ಲವೇ ಎಂದು ಕೇಳಿದ್ದರೂ ಹೌದು ಮೇಡಂ ಅನ್ನುತ್ತಿದ್ದಳು. ಸೂಜಿ ಚುಚ್ಚಿ ಆಯಿತು.

ಕಕ್ಕಸಿನ ಸಾಲಿನಲ್ಲಿ ನಿಂತಿದ್ದ ಪೊತೆನ್ಸಿಯಾ ಕುಂಟುತ್ತ ಬಂದಳು. "ಮಗಾ, ನನ್ನ ಸೂಜಿ ಎಲ್ಲಿ? ಗಂಜಿ ಆರಿ ಹೋಗ್ತಿದೆ."

ಮಿನಿಂಗಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಬಾಯಿ ಕಹಿಯೆಂದು ತಾಕ್ಯಾ ಬೆಳಗಿನಿಂದ ಏನೂ ತಿಂದಿರಲಿಲ್ಲ; ಖಾಲಿ ಹೊಟ್ಟೆಗೆ ಇನ್ಸುಲಿನ್ ಬಿದ್ದರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಜೊತೆಯ ಹುಡುಗಿ ಬೆಲ್ಯಾ ಮಿನಿಂಗಳ ತೋಳು ಹಿಂಡಿದಳು. "ಬಾಯ್ಮುಚ್ಕೊಂಡು ಒಂದ್ ಲೋಟ ಸಕ್ಕರೆ ನೀರು ಕುಡಿಸು. ಯಾರೂ ನೋಡಿಲ್ಲ. ಹೇಳಿದ್ರೆ ಮನೆಗೆ ಕಳಿಸ್ತಾರೆ ಕಣೇ, ನಿಮ್ಮಮ್ಮನ ಜೊತೆ ಮೀನು ಹೆಚ್ತೀಯ!"

ಆ ಬೂಟುಗಳು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮರುಗಳಿಗೆ ವಾರ್ಡೆಲ್ಲ ತಿರುಗಿ ನೋಡುವಂತೆ ಕಿರುಚಿದಳು. "ಮೇಡಂ! ಇನ್ಸುಲಿನ್ ತಪ್ಪು ರೋಗಿಗೆ ಕೊಟ್ಬಿಟ್ಟೆ!"

ಮೇಡಂ ಓಡಿ ಬಂದರು, ಡಾಕ್ಟರು ಬಂದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸ್ವಲ್ಪ ಹೊತ್ತಿಗೇ ತಾಕ್ಯಾ ತಣ್ಣಗೆ ಬೆವರಿ ನಡುಗತೊಡಗಿದಳು. ಮೊದಲು ಸಿಹಿ ಕುಡಿಸಿದರು, ಆಮೇಲೆ ರಕ್ತನಾಳಕ್ಕೇ ಗ್ಲೂಕೋಸ್. ಅವಳ ಮಗಳು ಮಿನಿಂಗಳ ಮುಖಕ್ಕೇ ಬೆರಳು ಚಾಚಿದಳು. "ಕಲಿಯೋಕೆ ನಮ್ಮಮ್ಮನ ಮೈಯೇ ಬೇಕಿತ್ತಾ ನಿಂಗೆ?"

ಮಿನಿಂಗ್ ಸಂಜೆಯವರೆಗೂ ಬೆರಳು ಚುಚ್ಚಿ ನೋಡುತ್ತ ಆ ಮಂಚದ ಸುತ್ತಲೇ ಸುತ್ತಿದಳು. ತಾಕ್ಯಾ ಎದ್ದು ಕೂತು ಬಾಳೆಹಣ್ಣು ಕೇಳಿದ ಮೇಲೇ ಮಿನಿಂಗ್ ಅಲ್ಲಿಂದ ಕದಲಿದ್ದು.

ಕಾಲೇಜಿನವರು ವಿಚಾರಣೆ ಮಾಡಿದರು. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು.

"ನಿಲ್ಲು ಅಂದಾಗ ನಿಲ್ಲಲಿಲ್ಲ. ಹೆಸರನ್ನೂ ನಾನೇ ಅವ್ರ ಬಾಯಿಗಿಟ್ಟೆ, ಅವ್ರು ಹೌದಂದ್ರು," ಎಂದಳು ಮಿನಿಂಗ್. "ತಪ್ಪು ನಂದೇ. ಆದ್ರೆ ಒಂದು ಮಂಚಕ್ಕೆ ಇಬ್ಬರನ್ನ ಮಲಗಿಸಿದ್ದು ನಾನಲ್ಲ."

"ವಿಷಯಕ್ಕೆ ಬಾಮ್ಮ."

"ಇದೂ ಅದೇ ವಿಷಯ ಸರ್."

ವಾರ್ಡಿನ ತರಬೇತಿ ಮೊದಲಿಂದ ಮಾಡಬೇಕೆಂದರು. ಅವಳ ಒಂದು ವರ್ಷ ಹೋಯಿತು. ಮಂಚದ ಮಾತು ಅಲ್ಲಿಗೇ ಸತ್ತಿತು.

ಮುಂದಿನ ಮಳೆಗಾಲಕ್ಕೆ ಅವಳು ಮತ್ತೆ ನಮ್ಮ ವಾರ್ಡಿಗೇ ಬಂದಳು. ತಾಕ್ಯಾ ಕೂಡ ಅದೇ ಎದೆ ಹಿಡಿದುಕೊಂಡು ಅದೇ ಮಂಚಕ್ಕೆ ಬಂದಿದ್ದಳು. ಇನ್ನೊಂದು ತುದಿಗೆ ಬೇರೆ ಯಾರೋ. ಮಿನಿಂಗ್ ಮಾತ್ರೆ ಹಿಡಿದು ನಿಂತಳು.

"ನಿಮ್ಮ ಹೆಸರು ಹೇಳಿ ನಾನಾಯ್."

"ನೋಡ್ರೇ! ಕೊಲ್ಲೋಕೆ ಹೊರಟಿದ್ದವಳಿಗೆ ನನ್ನ ಹೆಸರು ಗೊತ್ತಿಲ್ವಂತೆ!"

"ಗೊತ್ತು. ನಿಮ್ಮ ಬಾಯಿಂದ್ಲೇ ಬರ್ಲಿ."

"ಎವುಸ್ತಾಕ್ಯಾ ಪಗುನ್ಸಾನ್!" ಮುದುಕಿ ತನ್ನ ಪೂರ್ತಿ ಹೆಸರನ್ನು ವಾರ್ಡು ಹಾರಿಹೋಗುವಂತೆ ಕೂಗಿದಳು. "ಸಾಕಾ, ಇನ್ನೊಂದ್ಸಲ ಬೇಕಾ?"

ಮಿನಿಂಗ್ ಕಂಬಿಯಿಂದ ಕೈಪಟ್ಟಿ ಬಿಚ್ಚಿ, ಹೆಸರು ಓದಿ, ಅವಳ ಮುಂಗೈಗೆ ಕಟ್ಟಿದಳು. ಮಾತ್ರೆ ನುಂಗುವವರೆಗೂ ಕಾದಳು. ಆಮೇಲೆ ನಾನು ಆಗಷ್ಟೇ ಒರೆಸಿದ ನೆಲವನ್ನು ತುಳಿದುಕೊಂಡು ಮಂಚದ ಆ ತುದಿಗೆ ಹೋದಳು.

"ಈಗ ನೀವು ಹೇಳಿ."