ಕಾಣೆಯಾದವಳ ಪಾತ್ರಕ್ಕೆ ಬಂದ ಬೆಳ್ಳನೆ ಹುಡುಗಿ

ಬನ್ನೂರು ಸೀಮೆಯಲ್ಲಿ ನನ್ನಂಗೆ ಜೀಪು ಓಡಿಸುವವನು ಇನ್ನೊಬ್ಬನಿಲ್ಲ. ಅದಕ್ಕೇ ಸಾಕ್ಷ್ಯಚಿತ್ರದವರು ನನ್ನನ್ನೇ ಕರೆದರು. ಕಬ್ಬು ಕಡಿಯಲು ಹೋಗಿ ಕಾಣೆಯಾದ, ನಮ್ಮ ಬೀದಿಯ ಮಾದಮ್ಮಕ್ಕನ ಮಗಳ ಕಥೆ ಅದು. ಮಗಳ ಪಾತ್ರಕ್ಕೆ ಮೈಸೂರಿನಿಂದ ಹಾಲಿನಂಥ ಹುಡುಗಿಯನ್ನು ತಂದಿದ್ದರು.

ಮಾದಮ್ಮಕ್ಕ ಅವಳನ್ನು ನೋಡಿ, "ಸಾ, ನನ್ ಕೂಸು ಕಪ್ಪು. ಇವ್ಳ್ ಮೊಕ ನೋಡ್ಕಂಡು ಜನ ಯಾರ್ನ ಉಡುಕ್ತಾರೆ?" ಅಂದಳು.

"ಟಿವಿಯಲ್ಲಿ ಚೆನ್ನಾಗಿ ಕಾಣಬೇಕಲ್ಲಮ್ಮ," ಅಂದರು ನಿರ್ದೇಶಕರು.

ಕ್ಯಾಮೆರಾ ಸಾಮಾನೆಲ್ಲ ನನ್ನ ಜೀಪಿನಲ್ಲೇ ಇತ್ತು. ಬೀಗ ಹಾಕಿ ಕೀ ಜೇಬಿಗಿಳಿಸಿದೆ. "ನಮ್ಮೂರ್ ಉಡ್ಗಿ ಪಾರ್ಟು ಮಾಡೋದಾದ್ರೆ ಸಾಮಾನು ಇಳೀತದೆ ಸಾ!"

ಅರ್ಧ ದಿನ ನಾನು ಜಗ್ಗಲಿಲ್ಲ. ಕೊನೆಗೆ ನಿರ್ದೇಶಕರು ಒಪ್ಪಿದರು; ಕಪ್ಪಗಿರುವ ನನ್ನ ತಂಗಿಯೇ ಕಬ್ಬಿನ ಸೋಗೆಯ ಹೊರೆ ಹೊತ್ತು ಕಾಲುವೆ ಏರಿ ಮೇಲೆ ನಡೆದಳು.

ಮಾದಮ್ಮಕ್ಕ ಕ್ಯಾಮೆರಾದ ಪರದೆ ನೋಡಿ, "ಅವತ್ತು ನನ್ ಕೂಸು ಇಂಗೇ ಒಂಟೋದ್ಲು ಕಣಪ್ಪ," ಅಂದಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು.

ಊರಲ್ಲಿ ನನಗಿಂತ ಜಂಬದವರು ಯಾರೂ ಇರಲಿಲ್ಲ. ಈಗ ತಂಗಿಯಿದ್ದಾಳೆ.